ಎಲ್ಲ ಎರಡೆರಡು ಇರಬೇಕು

ಸ್ಕಾರ್ಬಿ ಊರಿನ ಬಿಸಿನೀರಿನ ಸ್ಥಾವರದಲ್ಲಿ ಆ ಗುರುವಾರ ನಡೆದ ಅವಾಂತರಕ್ಕೆಲ್ಲ ಮೂಲ ಒಂದು ಕಾಫಿ ಯಂತ್ರ. ಅದೂ ಮೊದಲನೆಯದಲ್ಲ, ಎರಡನೆಯದು. ಮೊದಲನೆಯದು ಹನ್ನೊಂದು ವರ್ಷದಿಂದ ಆಫೀಸಿನ ಅಡುಗೆಕೋಣೆಯಲ್ಲಿ ಕೂತು, ಯಾರ ತಂಟೆಗೂ ಹೋಗದೆ, ಗೊರಗೊರ ಎನ್ನುತ್ತ ತನ್ನ ಪಾಡಿಗೆ ಕಾಫಿ ಇಳಿಸಿಕೊಂಡು ಇತ್ತು. ಎರಡನೆಯದನ್ನು ಹಿಂದಿನ ಸಂಜೆ ಡಾಗ್ನಿ ಕೊಂಡು ತಂದಳು. ಆಫೀಸಿನ ಫೋನು, ಕಾಗದಪತ್ರ, ಕೇಕು, ಊರ ಸುದ್ದಿ ಈ ನಾಲ್ಕು ಖಾತೆಗಳೂ ಡಾಗ್ನಿಯ ಕೈಯಲ್ಲಿದ್ದವು. ತಂದದ್ದಕ್ಕೆ ಅವಳ ಬಳಿ ಕಾರಣವೂ ಇತ್ತು. ಅಧ್ಯಕ್ಷ ಗೋರ್ಮ್ ಒಂದು ವರ್ಷದಿಂದ ಸಿಕ್ಕಸಿಕ್ಕಲ್ಲೆಲ್ಲ "ನಮ್ಮಲ್ಲಿ ಎಲ್ಲ ಎರಡೆರಡು ಇರಬೇಕು" ಎಂದು ಸಾರುತ್ತಿದ್ದ. ಎಲ್ಲ ಎಂದರೆ ಕಾಫಿಯೂ ಸೇರಿತೆಂದು ಡಾಗ್ನಿ ತಿಳಿದುಕೊಂಡಳು. ತಪ್ಪು ಅವಳದೆಂದು ಹೇಗೆ ಹೇಳುವುದು?

ಊರಿನ ಸಾವಿರದ ನಾನೂರು ಮನೆಗಳಿಗೂ ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಹೋಗುವುದು ಈ ಸ್ಥಾವರದಿಂದ; ಚಳಿಯಲ್ಲಿ ಮನೆಗಳ ನೆಲ ಬೆಚ್ಚಗಿರುವುದೂ ಆ ನೀರಿನಿಂದಲೇ. ಸ್ಥಾವರ ಯಾವ ಸಾಹುಕಾರನದೂ ಅಲ್ಲ, ಬಿಸಿನೀರು ಬಳಸುವವರದೇ. ಅಂದರೆ ಟೋರ್ಕಿಲ್ ಎಂಬ ಒಬ್ಬ ನೌಕರನಿಗೆ ಸಾವಿರದ ನಾನೂರು ಮಾಲೀಕರು. ಬಚ್ಚಲ ನೆಲ ಒಂದು ಚೂರು ತಣ್ಣಗಾದರೂ ಮಾಲೀಕರು ನೇರವಾಗಿ ಅವನ ಜೇಬಿನ ಫೋನಿಗೇ ಹಚ್ಚುತ್ತಿದ್ದರು.

ಟೋರ್ಕಿಲ್‌ಗೆ ಐವತ್ತೆಂಟು ವಯಸ್ಸು, ಮೂವತ್ತೊಂದು ವರ್ಷದ ಸರ್ವಿಸು, ಕಾಲಲ್ಲಿ ಅಷ್ಟೇ ಹಳೆಯ ಮರದ ಚಪ್ಪಲಿ. ಹಿಂದೆ ಊರಿಗೆ ಹೋಗುವ ಮುಖ್ಯ ವಾಲ್ವಿನ ಚಕ್ರವನ್ನು ಅವನೇ ಕೈಯಿಂದ ತಿರುಗಿಸುತ್ತಿದ್ದ. ಎಂಟು ವರ್ಷದ ಹಿಂದೆ ಆ ಕೆಲಸಕ್ಕೆ ಒಂದು ಕಂಪ್ಯೂಟರ್ ಬಂತು. ಕೆಲಸ ಹಗುರವಾಯಿತೆಂದು ಎಲ್ಲರೂ ಅವನ ಬೆನ್ನು ತಟ್ಟಿದರು. ಆದರೆ ಕಂಪ್ಯೂಟರ್ ಮುನಿಸಿಕೊಂಡಾಗ ಅದನ್ನು ರಮಿಸುವ ವಿದ್ಯೆ ಊರಿಗೆಲ್ಲ ಅವನೊಬ್ಬನಿಗೇ ಗೊತ್ತಿದ್ದದ್ದರಿಂದ, ಅಂದಿನಿಂದ ಅವನಿಗೆ ಊರ ಗಡಿ ದಾಟಲಾಗಲಿಲ್ಲ. ಕಾನೂನಿನ ಪ್ರಕಾರ ಅವನಿಗೂ ವರ್ಷಕ್ಕೆ ಐದು ವಾರ ರಜೆ ಉಂಟು. ಅದನ್ನೆಲ್ಲ ಅವನು ಮನೆಯ ಹಿತ್ತಲಿನಲ್ಲಿ, ಫೋನನ್ನು ಜೇಬಿನಲ್ಲಿಟ್ಟುಕೊಂಡು ಕಳೆದ.

ಹೆಂಡತಿ ಬೋದಿಲ್ ಎಂಟು ಸಲ ಪೆಟ್ಟಿಗೆ ಕಟ್ಟಿ ಎಂಟು ಸಲ ಬಿಚ್ಚಿದವಳು. ಅವಳದು ಹೆಚ್ಚು ಮಾತಿನ ಸ್ವಭಾವವಲ್ಲ. ಪೆಟ್ಟಿಗೆ ಬಿಚ್ಚುವಾಗ ಒಂದೊಂದೇ ಬಟ್ಟೆಯನ್ನು ಅವನ ಎದುರಿಗೇ ನಿಧಾನವಾಗಿ ಮಡಿಸಿಡುತ್ತಿದ್ದಳು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತೆಂದು ಟೋರ್ಕಿಲ್‌ಗೆ ಅನ್ನಿಸುತ್ತಿತ್ತು.

ಕೊನೆಗೆ ಹೋದ ವರ್ಷದ ಮಾಲೀಕರ ಸಭೆಯಲ್ಲಿ, ಐವತ್ತೆಂಟರ ವಿರುದ್ಧ ಅರವತ್ತೊಂದು ಮತಗಳಿಂದ, ಇನ್ನೊಂದು ಕಂಪ್ಯೂಟರ್ ತರುವುದೆಂದು ತೀರ್ಮಾನವಾಯಿತು. ಮೊದಲಿನದನ್ನು ಅಣ್ಣ ಎಂದೂ ಹೊಸದನ್ನು ತಮ್ಮ ಎಂದೂ ಕರೆದರು. ಇಬ್ಬರೂ ಸೆಕೆಂಡಿಗೊಮ್ಮೆ "ಇದ್ದೀಯಾ?" "ಇದ್ದೀನಿ" ಎಂದು ಕೇಳಿಕೊಳ್ಳುವರು. ಮೂರು ಸಲ ಅಣ್ಣನಿಂದ ಉತ್ತರ ಬಾರದಿದ್ದರೆ, ಅವನು ಹೋದನೆಂದು ತಿಳಿದು, ಒಂದು ಹನಿ ಕಣ್ಣೀರನ್ನೂ ಹಾಕದೆ ತಮ್ಮ ಅಧಿಕಾರ ವಹಿಸಿಕೊಳ್ಳುವನು. ಅರಮನೆಗಳಲ್ಲಿ ನಡೆಯುತ್ತಿದ್ದದ್ದೂ ಇದೇ. ಇಬ್ಬರಿಗೂ ಒಂದೇ ಕಡೆಯಿಂದ ವಿದ್ಯುತ್ತು ಬರಬಾರದೆಂದು ಅಣ್ಣನನ್ನು ಎಡಗೋಡೆಯ ಲೈನಿಗೂ, ತಮ್ಮನನ್ನು ಬಲಗೋಡೆಯ ದೊಡ್ಡ ಬ್ಯಾಟರಿಗಳಿದ್ದ ಲೈನಿಗೂ ಟೋರ್ಕಿಲ್ ತಾನೇ ನಿಂತು ಜೋಡಿಸಿದ್ದ.

ಇನ್ನು ಉಳಿದದ್ದು ವಿಮೆ ಕಂಪನಿಯ ಪರೀಕ್ಷೆ. ಅದು ಪಾಸಾದರೆ ಟೋರ್ಕಿಲ್‌ಗೆ ಮೂರು ವಾರ ರಜೆ ಎಂದು ಆಡಳಿತ ಮಂಡಳಿ ನಡಾವಳಿ ಪುಸ್ತಕದಲ್ಲೇ ಬರೆದಿಟ್ಟಿತ್ತು. ಬೋದಿಲ್ ಶುಕ್ರವಾರ ಬೆಳಗಿನ ವಿಮಾನಕ್ಕೆ ಟೆನೆರಿಫೆ ದ್ವೀಪದ ಬಿಸಿಲಿಗೆ ಹೊರಡುವುದೆಂದು ಗೊತ್ತುಮಾಡಿದಳು. ಪರೀಕ್ಷೆ ಗುರುವಾರ. ಹೊರಗೆ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ ಚಳಿ.

ಗುರುವಾರ ಬೆಳಿಗ್ಗೆ ಟೋರ್ಕಿಲ್ ಕೆಳಗಿನ ಪಂಪುಮನೆಯಲ್ಲಿ ವಾಲ್ವಿಗೆ ಗ್ರೀಸು ಹಚ್ಚುತ್ತಿದ್ದಾಗ, ಮೇಲೆ ಡಾಗ್ನಿ ಹೊಸ ಕಾಫಿ ಯಂತ್ರವನ್ನು ತಬ್ಬಿಕೊಂಡು ಸಾಕೆಟ್ಟು ಹುಡುಕುತ್ತ ಕೋಣೆ ಕೋಣೆ ಅಲೆಯುತ್ತಿದ್ದಳು.

ಪರೀಕ್ಷಕಿ ವಿಬೆಕೆ ಹತ್ತೂವರೆಗೆ ಬಂದಳು. ಸಣ್ಣ ಆಕಾರ, ಬೂದು ಕೋಟು, ಕೈಯಲ್ಲೊಂದು ಚರ್ಮದ ಚೀಲ. ಇಪ್ಪತ್ತೆರಡು ವರ್ಷದಿಂದ ಇಂಥ ಸ್ಥಾವರಗಳನ್ನು ನೋಡಿಕೊಂಡು ಬಂದವಳಂತೆ. ಅವಳ ಮುಖದಲ್ಲಿ ಮೆಚ್ಚುಗೆಯಾಗಲಿ ಬೇಸರವಾಗಲಿ ಕಾಣುವಂತಿರಲಿಲ್ಲ. ಗೋರ್ಮ್ ಅವಳನ್ನು ಬಾಗಿಲಿಗೇ ಹೋಗಿ ಎದುರುಗೊಂಡ. ಮೂವತ್ತು ವರ್ಷ ಮಾಂಸದಂಗಡಿ ನಡೆಸಿದವನು, ಇಲ್ಲದ ಮಾಲನ್ನೂ ಇದೆಯೆಂದು ಹೇಳಿ ಗಿರಾಕಿಯನ್ನು ನಿಲ್ಲಿಸಿಕೊಳ್ಳುವ ಕಲೆ ಬಲ್ಲವನು.

"ಬನ್ನಿ ಬನ್ನಿ. ನಮ್ಮಲ್ಲಿ ಎಲ್ಲ ಎರಡೆರಡು ಇದೆ. ಮೊದಲು ಕಾಫಿ ಕುಡೀರಿ, ಕೇಕಿದೆ."

"ಆಮೇಲೆ ಕುಡೀತೀನಿ," ಎಂದಳು ವಿಬೆಕೆ. "ಪರೀಕ್ಷೆ ಏನು ಅಂತ ಹೇಳಿಬಿಡ್ತೀನಿ. ಅಣ್ಣನ ಲೈನನ್ನ ನಾನೇ ಆಫ್ ಮಾಡಿ ಸೀಲ್ ಹಾಕ್ತೀನಿ. ಅರ್ಧ ಗಂಟೆ ಯಾರೂ ಮುಟ್ಟೋ ಹಾಗಿಲ್ಲ. ನಾನು ಕಂಪ್ಯೂಟರ್ ಪರದೆ ನೋಡಲ್ಲ, ಅದು ಹೇಳೋದನ್ನ ನಂಬಲ್ಲ. ಊರಿಗೆ ಹೋಗೋ ನೀರಿನ ಒತ್ತಡ ತೋರ್ಸೋಕೆ ಆಫೀಸಿನ ಗೋಡೇಲಿ ಹಳೇ ಹಿತ್ತಾಳೆ ಮೀಟರ್ ಉಂಟಲ್ಲ, ಅದರ ಮುಳ್ಳು ನೋಡ್ತೀನಿ. ಮುಳ್ಳು ಎರಡು ಕೆಂಪು ಗೆರೆ ಮಧ್ಯೆ ನಿಂತಿದ್ರೆ ಪಾಸು. ಕೆಳಗೆ ಪಂಪುಮನೇಲಿ ಯಾರಿರ್ತಾರೆ?"

"ನಾನು," ಎಂದ ಟೋರ್ಕಿಲ್.

"ಕಾವಲು ಅಷ್ಟೇ. ನೌಕರರು ವಾಲ್ವಿಗೆ ಕೈ ಹಾಕಿದ್ರೆ ಪರೀಕ್ಷೆ ರದ್ದು. ಮತ್ತೆ ಅಕ್ಟೋಬರಿಗೇ ನನ್ನ ಸರದಿ ಸಿಗೋದು."

"ಕೈ ಜೇಬಲ್ಲಿರತ್ತೆ," ಎಂದು ಟೋರ್ಕಿಲ್ ನಕ್ಕು ಮೆಟ್ಟಿಲಿಳಿದ. ಅವನಿಗೆ ಭಯವಿರಲಿಲ್ಲ. ಈ ಪರೀಕ್ಷೆಯನ್ನು ಅವನೇ ಗುಟ್ಟಾಗಿ ಹದಿನಾಲ್ಕು ಸಲ ಮಾಡಿ ನೋಡಿದ್ದ.

ಪಂಪುಮನೆಯ ಗೋಡೆಯ ಮೇಲೆ ಎರಡು ಹಸಿರು ದೀಪಗಳು, ಒಂದು ಅಣ್ಣನದು, ಒಂದು ತಮ್ಮನದು. ಸರಿಯಾಗಿ ಹನ್ನೊಂದಕ್ಕೆ ಅಣ್ಣನ ದೀಪ ಆರಿತು. ಟೋರ್ಕಿಲ್ ಜೇಬಿನಲ್ಲಿ ಕೈಯಿಟ್ಟುಕೊಂಡು "ಹೋಗಿ ಬಾರಪ್ಪ" ಎಂದ. ಅವನ ಬಾಯಿ ಮುಚ್ಚುವುದರೊಳಗೆ ತಮ್ಮನ ದೀಪವೂ ಆರಿತು.

ಅವನು ಕಣ್ಣುಜ್ಜಿಕೊಂಡು ನೋಡಿದ. ಎರಡೂ ಕತ್ತಲೆ. ಪಂಪುಗಳ ಲೈನು ಬೇರೆಯಾದ್ದರಿಂದ ಅವು ತಿರುಗುತ್ತಲೇ ಇದ್ದವು. ಆದರೆ ಮುಖ್ಯ ವಾಲ್ವಿನ ಮೋಟಾರಿಗೆ ಒಂದು ಬುದ್ಧಿಯಿತ್ತು: ಅಪ್ಪಣೆ ಕೊಡುವವರು ಯಾರೂ ಇಲ್ಲವೆಂದಾದರೆ, ಅನಾಹುತವಾಗದಿರಲೆಂದು ಅದು ತಾನೇ ಮೆಲ್ಲಗೆ ವಾಲ್ವನ್ನು ಮುಚ್ಚಿಕೊಂಡು ಬರುತ್ತಿತ್ತು. ಟೋರ್ಕಿಲ್ ನೋಡುತ್ತಿದ್ದಂತೆಯೇ ಚಕ್ರ ಬಲಕ್ಕೆ ತಿರುಗತೊಡಗಿತು. ಕೊಳವೆಯ ಮೇಲಿದ್ದ, ಆಫೀಸಿನದರಂಥದೇ ಇನ್ನೊಂದು ಮೀಟರಿನ ಮುಳ್ಳು ಕೆಳಗಿನ ಕೆಂಪು ಗೆರೆಯ ಕಡೆ ಬಾಗಿತು.

ಅವನ ಕಣ್ಣಮುಂದೆ ಕೆಂಪು ಗೆರೆ ಇರಲಿಲ್ಲ. ಬೋದಿಲ್ ಒಂಬತ್ತನೆಯ ಸಲ ಪೆಟ್ಟಿಗೆ ಬಿಚ್ಚಿ, ಒಂದೊಂದೇ ಬಟ್ಟೆಯನ್ನು ಮಡಿಸಿಡುವುದು ಕಂಡಿತು. ಮರುಕ್ಷಣ ಅವನು ಮೋಟಾರಿನ ಹಿಡಿಯನ್ನು ಎಳೆದು ಬಿಡಿಸಿ, ಎರಡು ಕೈಯಿಂದಲೂ ಚಕ್ರ ಹಿಡಿದುಕೊಂಡಿದ್ದ. ನಿಯಮ ಮುರಿದೆನೆಂದು ಅವನಿಗೆ ಹೊಳೆದದ್ದು ಚಕ್ರ ಅರ್ಧ ಸುತ್ತು ಹಿಂದಕ್ಕೆ ತಿರುಗಿದ ಮೇಲೆ. ಮುಳ್ಳು ಮೇಲೆದ್ದು ನಡುವಿಗೆ ಬಂದು ನಿಂತಿತು.

ಬಿಟ್ಟರೆ ಬೀಳುತ್ತದೆ, ಹಿಡಿದರೆ ಮೇಲೆ ಹೋಗಿ ಏನಾಗಿದೆ ಎಂದು ನೋಡುವಂತಿಲ್ಲ. ಮನೆಮನೆಯಲ್ಲಿ ಯಾರೋ ನಲ್ಲಿ ತಿರುಗಿಸುತ್ತಾರೆ, ಯಾರೋ ಸ್ನಾನಕ್ಕೆ ಹೋಗುತ್ತಾರೆ, ಅದಕ್ಕೆ ತಕ್ಕಂತೆ ಮುಳ್ಳು ಆಚೀಚೆ ತೂಗುತ್ತದೆ. ಅದರೊಂದಿಗೆ ಚಕ್ರವನ್ನೂ ಆಚೀಚೆ ಆಡಿಸುತ್ತಿರಬೇಕು. ಎಂಟು ವರ್ಷದಿಂದ ಬರೀ ಗುಂಡಿ ಒತ್ತಿದ ಅಂಗೈಗೆ ಆ ಕಬ್ಬಿಣದ ಚಕ್ರ ಅಪರಿಚಿತವಾಗಿತ್ತು.

ಎಂಟನೆಯ ನಿಮಿಷಕ್ಕೆ ಫೋನು ಹೊಡೆದುಕೊಂಡಿತು. ಡಾಗ್ನಿಯೇ ಇರಬೇಕೆಂದು ಅವನು ಒಂದು ಕೈಯಿಂದ ಫೋನೆತ್ತಿ ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡ.

"ಟೋರ್ಕಿಲ್, ನಾನು ರಾಗ್ನ," ಎಂದಿತು ಒಂದು ಮುದಿ ದನಿ. ನಿವೃತ್ತ ಶಾಲಾಮೇಡಂ, ಸಾವಿರದ ನಾನೂರರಲ್ಲಿ ಅತ್ಯಂತ ಚುರುಕಾದ ಮಾಲಕಿ. "ನನ್ನ ಬಚ್ಚಲ ನೆಲ ಕಾಲಿಗೆ ಸರಿ ಬರ್ತಿಲ್ಲ."

"ತಣ್ಣಗಿದೆಯಾ?"

"ತಣ್ಣಗೂ ಇಲ್ಲ. ಒಂದು ಗಳಿಗೆ ಬೆಚ್ಚಗೆ, ಒಂದು ಗಳಿಗೆ ಕಮ್ಮಿ. ಮೊದಲೆಲ್ಲ ನೀನು ಕೈಯಲ್ಲಿ ತಿರುಗಿಸ್ತಿದ್ದಾಗ ಹೀಗೇ ಆಗ್ತಿತ್ತು, ನೆನಪಿದೆಯಾ?"

ಟೋರ್ಕಿಲ್‌ನ ಬೆನ್ನಲ್ಲಿ ಬೆವರು ಒಡೆಯಿತು. "ರಾಗ್ನ, ಕಾಲುಚೀಲ ಹಾಕ್ಕೊ. ಅರ್ಧ ಗಂಟೇಲಿ ಸರಿಹೋಗತ್ತೆ."

"ಮಾಲೀಕರಿಗೆ ಕಾಲುಚೀಲ ಹಾಕ್ಕೊ ಅಂತೀಯಾ? ಇದನ್ನ ಸಭೇಲಿ ಕೇಳ್ತೀನಿ," ಎಂದು ರಾಗ್ನ ಫೋನಿಟ್ಟಳು.

ಇಡುವುದನ್ನೇ ಕಾಯುತ್ತಿದ್ದಂತೆ ಮತ್ತೆ ಹೊಡೆದುಕೊಂಡಿತು. ಈ ಸಲ ಡಾಗ್ನಿ. ಅವಳು ಅಡುಗೆಕೋಣೆಯಿಂದ ಪಿಸುದನಿಯಲ್ಲಿ ಮಾತಾಡುತ್ತಿದ್ದಳು.

"ಇಲ್ಲಿ ಮುಳ್ಳು ಗೂಟ ಹೊಡೆದ ಹಾಗೆ ನಿಂತಿದೆ ಕಣೋ. ಗೋರ್ಮ್ ಆಗ್ಲೇ ಪಾಸಾದ ಖುಷೀಲಿ ಕೇಕಿಗೆ ಬಾವುಟ ಚುಚ್ಚಿ ಆಯ್ತು."

"ಡಾಗ್ನಿ, ಬೆಳಿಗ್ಗೆ ಕಂಪ್ಯೂಟರ್ ಕೋಣೆಗೆ ಯಾರಾದ್ರೂ ಹೋಗಿದ್ರಾ?"

"ಯಾರೂ ಹೋಗಿಲ್ಲ."

"ಸರಿಯಾಗಿ ಯೋಚ್ನೆ ಮಾಡಿ ಹೇಳು."

"ಯಾರೂ ಇಲ್ಲ ಅಂದ್ನಲ್ಲ. ನಾನೊಬ್ಬಳು ಹೋಗಿದ್ದೆ, ಅಷ್ಟೇ."

ಟೋರ್ಕಿಲ್ ಕಣ್ಣು ಮುಚ್ಚಿಕೊಂಡ. "ಹೋಗಿ ಏನು ಮಾಡಿದೆ?"

"ಏನೂ ಇಲ್ಲ. ಹೊಸ ಕಾಫಿ ಯಂತ್ರಕ್ಕೆ ಸಾಕೆಟ್ಟು ಬೇಕಿತ್ತು. ಅಡುಗೆಕೋಣೇಲಿ ಎರಡೂ ಒಟ್ಟಿಗೆ ಹಾಕಿದ್ರೆ ಫ್ಯೂಸು ಹೋಗತ್ತೆ. ಬಲಗೋಡೇಲಿ ಒಳ್ಳೇ ಸಾಕೆಟ್ಟಿತ್ತು, ಅದರಲ್ಲಿದ್ದ ಪ್ಲಗ್ಗನ್ನ ಕಿತ್ತು ಎಡಗೋಡೆ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆ. ಸ್ವಲ್ಪ ಹೊತ್ತು ಕೆಂಪು ದೀಪ ಬಂತು, ಆಮೇಲೆ ಹಸಿರಾಯ್ತು. ಹಸಿರಾದ ಮೇಲೆ ಸರಿ ಅಂತ ನೀನೇ ತಾನೆ ಹೇಳ್ಕೊಟ್ಟಿದ್ದು?"

ವಿಷಯ ಇಷ್ಟೇ. ಅಣ್ಣ ತಮ್ಮಂದಿರನ್ನು ಎರಡು ಗೋಡೆಗೆ ಕಟ್ಟಿದ್ದ ಟೋರ್ಕಿಲ್‌ನ ಒಂದು ವರ್ಷದ ಶ್ರಮವನ್ನು ಡಾಗ್ನಿ ಒಂದು ನಿಮಿಷದಲ್ಲಿ ಒಂದೇ ಗೂಟಕ್ಕೆ ಕಟ್ಟಿಬಿಟ್ಟಿದ್ದಳು. ಊರಿಗೆ ಊರೇ ಕತ್ತಲಾದರೂ ಎರಡು ದಿನ ನಿಲ್ಲದಂಥ ಬ್ಯಾಟರಿಗಳ ಲೈನು ಈಗ ಕಾಫಿ ಯಂತ್ರದ ಪಾಲಾಗಿತ್ತು. ಇಡೀ ದೇಶದಲ್ಲಿ ಅಷ್ಟು ಭದ್ರವಾದ ಕಾಫಿ ಇನ್ನೆಲ್ಲೂ ಇದ್ದಿರಲಾರದು.

"ಡಾಗ್ನಿ, ಈಗಲೇ ಹೋಗು. ಕಾಫಿ ಯಂತ್ರ ಕಿತ್ತುಹಾಕಿ ಆ ಪ್ಲಗ್ಗನ್ನ ಮೊದಲಿನ ಜಾಗಕ್ಕೇ ಹಾಕು."

"ಈಗ ಹೇಗೋ ಆಗತ್ತೆ? ವಿಬೆಕೆ ಅದರ ಮುಂದೆನೇ ನಿಂತಿದ್ದಾಳೆ. ಎರಡನೇ ಕಪ್ಪಿಗೆ ಕಾಯ್ತಿದ್ದಾಳೆ."

"ಅವಳು ಮುಳ್ಳು ನೋಡ್ಬೇಕಲ್ಲ?"

"ಬಾಗಿಲು ತೆಗೆದಿದೆ, ಅಲ್ಲಿಂದಾನೇ ಕಾಣತ್ತೆ. ಕಾಫಿ ಚೆನ್ನಾಗಿದೆ ಅಂದ್ಲು ಗೊತ್ತಾ? ಇಪ್ಪತ್ತೆರಡು ವರ್ಷದಲ್ಲಿ ಇಂಥ ಕಾಫಿ ಕುಡಿದಿಲ್ವಂತೆ."

ಟೋರ್ಕಿಲ್‌ಗೆ ಅಳು ಬಂದಂತಾಯಿತು. ಬೈಯೋಣವೆಂದರೆ ಉಸಿರು ಸಾಲದು. ಚಕ್ರವನ್ನು ಕಾಲು ಸುತ್ತು ಎಡಕ್ಕೆ ತಿರುಗಿಸಿ, "ಸರಿ, ಅವಳನ್ನ ಅಲ್ಲಿಂದ ಕದಲಿಸು," ಎಂದ.

"ಇನ್ನೊಂದು ತುಂಡು ಕೇಕ್ ಕೊಟ್ಟು ನೋಡ್ತೀನಿ," ಎಂದಳು ಡಾಗ್ನಿ.

ಕೇಕು ಕೊಟ್ಟರೂ ವಿಬೆಕೆ ಕದಲಲಿಲ್ಲ. ಅಲ್ಲೇ ನಿಂತು ತಿಂದಳು.

ಹತ್ತೊಂಬತ್ತನೆಯ ನಿಮಿಷಕ್ಕೆ ಬೋದಿಲ್‌ಳ ಫೋನು. ಅಷ್ಟು ಹೊತ್ತಿಗೆ ಟೋರ್ಕಿಲ್‌ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು, ಅಂಗಿ ಬೆನ್ನಿಗೆ ಅಂಟಿತ್ತು, ಒಂದು ಕಾಲಿನ ಮರದ ಚಪ್ಪಲಿ ಎಲ್ಲೋ ಪಂಪಿನಡಿಗೆ ಉರುಳಿ ಹೋಗಿತ್ತು.

"ಹೇಗೆ ನಡೀತಿದೆ?" ಎಂದಳು ಬೋದಿಲ್.

"ಚೆನ್ನಾಗಿ."

"ಯಾಕೆ ಏದುಸಿರು ಬಿಡ್ತಿದ್ದೀಯ?"

"ಮೆಟ್ಟಿಲು ಹತ್ತಿ ಬಂದೆ."

"ಸರಿ. ಹಸಿರು ಪೆಟ್ಟಿಗೆ ತಗೊಳ್ಳೋದಾ, ನೀಲಿದಾ?"

"ಯಾವುದಾದ್ರೂ ತಗೋ ಬೋದಿಲ್, ನಾಳೆ ಈ ಹೊತ್ತಿಗೆ ನಾವು ಬಿಸಿಲಲ್ಲಿರ್ತೀವಿ."

ಆ ಕಡೆ ಪೆಟ್ಟಿಗೆಯ ಬೀಗ ಟಕ್ಕೆಂದಿತು. "ಆಯ್ತು," ಎಂದು ಅವಳು ಫೋನಿಟ್ಟಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದನ್ನು ಕೇಳಿ ಟೋರ್ಕಿಲ್‌ಗೆ ಹೊಸ ಬಲ ಬಂದಿತು. ಈ ಹೆಂಗಸಿಗಾಗಿ ಇನ್ನು ಹನ್ನೊಂದು ನಿಮಿಷ ಏಕೆ, ಹನ್ನೊಂದು ಗಂಟೆ ಬೇಕಾದರೂ ತಿರುಗಿಸಿಯೇನು ಎಂದುಕೊಂಡ.

ಹನ್ನೊಂದೂವರೆ ಹೊಡೆಯಿತು. ಮೇಲೆ ವಿಬೆಕೆ ಸೀಲು ಒಡೆದು ಲೈನು ಹಾಕಿದಳು. ಗೋಡೆಯ ಮೇಲೆ ಎರಡೂ ದೀಪಗಳು ಒಟ್ಟಿಗೆ ಮಿಟುಕಿದವು. ಟೋರ್ಕಿಲ್ "ಬದುಕಿದೆ" ಎನ್ನುವಷ್ಟರಲ್ಲಿ ಇನ್ನೊಂದು ಫಜೀತಿ ಶುರುವಾಯಿತು. ಒಂದೇ ಗಳಿಗೆಯಲ್ಲಿ ಕಣ್ಣುಬಿಟ್ಟ ಅಣ್ಣ, ತಮ್ಮನನ್ನು ಕೂಗಿದ. ತಮ್ಮನಿಗೆ ಇನ್ನೂ ನಾಲಗೆ ಏಳದಿದ್ದುದರಿಂದ ಉತ್ತರ ಬರಲಿಲ್ಲ. ತಮ್ಮ ಹೋದನೆಂದುಕೊಂಡು ಅಣ್ಣ ಅಧಿಕಾರ ವಹಿಸಿಕೊಂಡ. ಅತ್ತ ತಮ್ಮನೂ ಅಣ್ಣನನ್ನು ಕೂಗಿ, ಉತ್ತರ ಕಾಣದೆ, ಅಣ್ಣ ಹೋದನೆಂದು ತಾನೂ ವಹಿಸಿಕೊಂಡ. ಮೋಟಾರಿಗೆ ಜೀವ ಬಂದು, ಬಿಡಿಸಿದ್ದ ಹಿಡಿ ತಾನೇ ಕಚ್ಚಿಕೊಂಡು, ಅದು ಚಕ್ರವನ್ನು ಟೋರ್ಕಿಲ್‌ನ ಕೈಯಿಂದ ಕಸಿದುಕೊಂಡಿತು. ಅಣ್ಣ ತೆರೆ ಎನ್ನುತ್ತಾನೆ, ತಮ್ಮ ಮುಚ್ಚು ಎನ್ನುತ್ತಾನೆ. ಚಕ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಗರಾಡಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುತ್ತಾರಲ್ಲ, ಇಲ್ಲಿ ಅಣ್ಣ ತಮ್ಮಂದಿರ ಜಗಳದಲ್ಲಿ ಬಡವಾದವನು ಟೋರ್ಕಿಲ್. ಚಕ್ರಕ್ಕೆ ಜೋತುಬಿದ್ದು, ಒಂದೇ ಚಪ್ಪಲಿಯಲ್ಲಿ ಕುಣಿಯುತ್ತ, ಹೇಗೋ ಅದನ್ನು ನಡುವಿನಲ್ಲಿ ಹಿಡಿದಿಟ್ಟ. ಅರ್ಧ ನಿಮಿಷದ ಮೇಲೆ ಸಹೋದರರಿಬ್ಬರಿಗೂ ಪರಸ್ಪರರ ದನಿ ಕೇಳಿಸಿತು. ತಮ್ಮ ತಕರಾರಿಲ್ಲದೆ ಹಿಂದೆ ಸರಿದ. ಚಕ್ರ ಶಾಂತವಾಯಿತು.

ಅವನು ಪಂಪಿನಡಿಯಿಂದ ಚಪ್ಪಲಿ ಎಳೆದುಕೊಂಡು, ಮುಖ ಒರೆಸಿಕೊಂಡು, ಬೊಬ್ಬೆ ಎದ್ದ ಕೈಗಳನ್ನು ಜೇಬಿಗೆ ಸೇರಿಸಿ ಮೇಲೆ ಹೋದ. ಮಾಡಿದ್ದು ತಪ್ಪೆಂದು ಅವನಿಗೆ ಗೊತ್ತಿತ್ತು. ಆದರೆ ಎರಡು ನಿಮಿಷದ ಕೆಲಸ: ಪ್ಲಗ್ಗನ್ನು ಬಲಗೋಡೆಗೆ ಹಾಕಿದರೆ ಎಲ್ಲ ಮೊದಲಿನಂತೆ. ಹದಿನಾಲ್ಕು ಸಲ ಪಾಸಾದದ್ದನ್ನು ಒಂದು ಕಾಫಿ ಯಂತ್ರದ ದೆಸೆಯಿಂದ ಅಕ್ಟೋಬರಿಗೆ ಮುಂದೂಡುವುದು ಯಾವ ನ್ಯಾಯ ಎಂದು ಮನಸ್ಸನ್ನು ಒಪ್ಪಿಸಿಕೊಂಡ.

ಆಫೀಸಿನಲ್ಲಿ ಹಬ್ಬ. ಗೋರ್ಮ್ ಅವನನ್ನು ತಬ್ಬಿಕೊಂಡ. "ಮುಳ್ಳು ಅಲ್ಲಾಡ್ಲಿಲ್ಲ ಮಾರಾಯ. ನಾಳೆ ನೀನು ಸಮುದ್ರದ ದಂಡೆ ಮೇಲೆ."

ವಿಬೆಕೆ ಮೇಜಿನ ಮುಂದೆ ಕೂತು ಬರೆಯುತ್ತಿದ್ದಳು. ತಲೆಯೆತ್ತದೆ ಹೇಳಿದಳು. "ಒಂದು ವಿಷಯ. ನಾನು ಲೈನ್ ಆಫ್ ಮಾಡಿದಾಗ ಕಂಪ್ಯೂಟರ್ ಕೋಣೆ ಬಾಗಿಲ ಮೇಲಿನ ಎರಡು ದೀಪಾನೂ ಆರಿಹೋದ್ವು."

ಡಾಗ್ನಿ ಕೇಕು ಕೊಯ್ಯುವುದನ್ನು ನಿಲ್ಲಿಸಿದಳು.

"ಎರಡೂ ಸತ್ತಿದ್ರೂ ಮುಳ್ಳು ನಿಂತಿತ್ತು," ಎಂದಳು ವಿಬೆಕೆ. "ಅಂದ್ರೆ ನಿಮ್ಮಲ್ಲಿ ಮೂರನೇದೊಂದು ಇರಬೇಕು."

ಗೋರ್ಮ್‌ಗೆ ತಲೆಬುಡ ತಿಳಿಯದು. ಆದರೆ ಇಲ್ಲ ಎನ್ನುವುದು ಅವನ ಜಾಯಮಾನದಲ್ಲೇ ಇರಲಿಲ್ಲ. "ಇದೆ ಇದೆ," ಎಂದ. "ಎರಡೆರಡು ಅನ್ನೋದು ಬಾಯಿಮಾತಿಗೆ. ಮೂರಿಲ್ಲದೆ ಇರತ್ತಾ?"

"ಎಲ್ಲಿದೆ?"

"ಕೆಳಗೆ ಪಂಪುಮನೇಲಿ. ಅಲ್ವೇನಯ್ಯ ಟೋರ್ಕಿಲ್?"

ಟೋರ್ಕಿಲ್ ಕೈಗಳನ್ನು ಜೇಬಿನಲ್ಲಿ ಇನ್ನಷ್ಟು ಆಳಕ್ಕೆ ಇಳಿಸಿದ. "ಹೂಂ. ಕೆಳಗೇ ಇರತ್ತೆ."

"ಹೊಸದಾ?"

"ಹಳೇದು," ಎಂದ ಟೋರ್ಕಿಲ್. "ಐವತ್ತೆಂಟು ವರ್ಷದ್ದು."

"ಅಬ್ಬ, ಅಷ್ಟು ಹಳೇದು ಇನ್ನೂ ಓಡ್ತಿದೆಯಾ?"

"ಓಡತ್ತೆ. ಬೆಳಿಗ್ಗೆ ಎದ್ದಾಗ ಸೊಂಟ ಸ್ವಲ್ಪ ಹಿಡ್ಕೊಳ್ಳತ್ತೆ."

"ಆಗಿನ ಕಾಲದ ಮಾಲೇ ಬೇರೆ," ಎಂದು ಗೋರ್ಮ್ ಹೆಮ್ಮೆಯಿಂದ ಒಗ್ಗರಣೆ ಹಾಕಿದ. "ಗಟ್ಟಿ. ಎಣ್ಣೆ ಸಹ ಕೇಳಲ್ಲ."

ವಿಬೆಕೆ ಬರೆದು ಮುಗಿಸಿ, ಸಹಿ ಹಾಕಿ, ಹಾಳೆಯನ್ನು ಗೋರ್ಮ್‌ಗೆ ಕೊಟ್ಟಳು. ಪಾಸು. ಗೋರ್ಮ್ ಅದನ್ನು ಓದದೆಯೇ ಡಾಗ್ನಿಗೆ ಕೊಟ್ಟು ಗೋಡೆಗೆ ಹಾಕಿಸಲು ಹೇಳಿದ. ಹೊರಡುವಾಗ ವಿಬೆಕೆ ಟೋರ್ಕಿಲ್‌ನತ್ತ ಕೈ ಚಾಚಿದಳು. ಕುಲುಕದೆ ವಿಧಿಯಿಲ್ಲ. ಅವಳು ಅವನ ಅಂಗೈಯನ್ನು ಮೇಲ್ಮುಖ ಮಾಡಿ ನೋಡಿ, ದನಿ ತಗ್ಗಿಸಿದಳು.

"ಮೂರನೇ ಘಟಕಕ್ಕೆ ಸ್ವಲ್ಪ ಮುಲಾಮು ಹಚ್ಚಿ."

"ನಿಮಗೆ ಗೊತ್ತಾಯ್ತು," ಎಂದ ಟೋರ್ಕಿಲ್.

"ನೌಕರ ಕೈ ಹಾಕಿದ್ರೆ ಪರೀಕ್ಷೆ ರದ್ದು. ಘಟಕ ಕೈ ಹಾಕಿದ್ರೆ ಪಾಸು. ನಿಮಗೆ ರಜೆ ಅಂತ ಡಾಗ್ನಿ ಹೇಳಿದ್ರು, ಪಾಪ ಅನ್ನಿಸ್ತು. ಅದಕ್ಕೇ ಘಟಕ ಅಂತ ಬರೆದೆ. ಚೆನ್ನಾಗಿ ಸುತ್ತಾಡಿಕೊಂಡು ಬನ್ನಿ."

ಟೋರ್ಕಿಲ್‌ಗೆ ಅವಳ ಕಾಲಿಗೆ ಬೀಳೋಣ ಎನ್ನಿಸಿತು. ಬೂದು ಕೋಟಿನೊಳಗೆ ಇಂಥ ಬಂಗಾರದಂಥ ಮನಸ್ಸಿದೆಯೆಂದು ಯಾರಿಗೆ ಗೊತ್ತು? ಅವಳ ಕಾರು ಮರೆಯಾಗುವವರೆಗೂ ಕೈ ಬೀಸಿದ. ಓಡಿಹೋಗಿ ತಮ್ಮನ ಪ್ಲಗ್ಗನ್ನು ಬಲಗೋಡೆಗೆ ಹಾಕಿದ. ಡಾಗ್ನಿ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕುತ್ತ ಅದನ್ನು ಜೋರಾಗಿ ಓದತೊಡಗಿದಳು.

"ಮೂರನೇ ಘಟಕ 'ಟೋರ್ಕಿಲ್', ಐವತ್ತೆಂಟು ವರ್ಷ ಹಳೆಯದು, ಸುಸ್ಥಿತಿಯಲ್ಲಿದೆ. ಲೇ, ನಿನ್ನ ಹೆಸರೇ ಇಟ್ಟಿದ್ದಾಳೆ ನೋಡು."

"ಮುಂದೆ ಓದು," ಎಂದ ಟೋರ್ಕಿಲ್ ನಗುತ್ತ.

"ಒಂದೇ ಒಂದು ಷರತ್ತಂತೆ. ಎಲ್ಲ ಪ್ರಮಾಣಪತ್ರದಲ್ಲೂ ಅಚ್ಚಾಗಿರತ್ತಲ್ಲ, ಅದು. 'ಪರೀಕ್ಷೆಯ ಕಾಲದಲ್ಲಿ ಕೆಲಸ ಮಾಡಿದ ಯಾವುದೇ ಘಟಕವನ್ನು, ಅದಕ್ಕೆ ಬದಲಿ ಘಟಕವನ್ನು ಅಳವಡಿಸದೆ, ಸ್ಥಳದಿಂದ ಕದಲಿಸಿದರೆ ವಿಮೆ ಅನೂರ್ಜಿತ.'"

ಟೋರ್ಕಿಲ್ ಹಾಳೆಯನ್ನು ಕಸಿದುಕೊಂಡು ತಾನೇ ಇನ್ನೊಮ್ಮೆ ಓದಿದ. ಕೊನೆಗೆ ಎಲ್ಲವನ್ನೂ ಗೋರ್ಮ್‌ಗೆ ಹೇಳಿದ: ಕಾಫಿ ಯಂತ್ರ, ಪ್ಲಗ್ಗು, ಚಕ್ರ, ಅಂಗೈ. ಗೋರ್ಮ್ ಪೂರ್ತಿ ಕೇಳಿಸಿಕೊಂಡು ಗಡ್ಡ ಕೆರೆದುಕೊಂಡ.

"ಹಾಗಾದ್ರೆ ನಾನು ಎಣ್ಣೆ ಕೇಳಲ್ಲ ಅಂದಿದ್ದು ನಿನ್ನ ಬಗ್ಗೆ."

"ಹೌದು. ನಿಜ ಹೇಳಿಬಿಡೋಣ ಗೋರ್ಮ್. ಅವಳಿಗೆ ಫೋನ್ ಮಾಡು."

"ಹೇಳಿದ್ರೆ ಪರೀಕ್ಷೆ ರದ್ದು. ಪರೀಕ್ಷೆ ರದ್ದಾದ್ರೆ ನಿನಗೆ ರಜೆ ಇಲ್ಲ, ನಡಾವಳೀಲಿ ಹಾಗೇ ಇದೆ. ಹೇಳದಿದ್ರೆ ಪಾಸು, ರಜೆ ಉಂಟು. ಆದ್ರೆ ನಿನ್ನ ಕದಲಿಸೋ ಹಾಗಿಲ್ಲ." ಗೋರ್ಮ್ ಅವನ ಹೆಗಲ ಮೇಲೆ ಕೈಯಿಟ್ಟ. "ನಿನ್ನ ರಜೆ ನಿನ್ನ ಹಕ್ಕು ಮಾರಾಯ. ನಾನು ಕಿತ್ಕೊಳ್ಳಲ್ಲ. ನಾಳೆಯಿಂದ ರಜೆ ತಗೋ. ಇಲ್ಲೇ ತಗೋ."

"ಬದಲಿ ಘಟಕ?"

"ಏಪ್ರಿಲ್ ಸಭೇಲಿ ಮತಕ್ಕೆ ಹಾಕೋಣ."

ಅತ್ತ ದರಿ, ಇತ್ತ ಪುಲಿ. ಟೋರ್ಕಿಲ್ ಉಳಿದ ಕೇಕನ್ನು ಕಾಗದದಲ್ಲಿ ಕಟ್ಟಿಸಿಕೊಂಡು, ಸೈಕಲ್ ಹತ್ತಿ ಮನೆಯ ಕಡೆ ಹೊರಟ. ಹ್ಯಾಂಡಲ್ ಹಿಡಿದರೆ ಅಂಗೈ ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು ಎದೆ. ಎಂಟು ಸಲ ಸುಮ್ಮನೆ ಬಟ್ಟೆ ಮಡಿಸಿಟ್ಟವಳ ಮುಂದೆ ಒಂಬತ್ತನೆಯ ಸಲ ಯಾವ ಮುಖ ಹೊತ್ತುಕೊಂಡು ನಿಲ್ಲುವುದು? ಚರ್ಚಿನ ಬಳಿಯ ಏರಿನಲ್ಲಿ ಅವನು ಬೇಕೆಂದೇ ಸೈಕಲ್ ಇಳಿದು ನಡೆದ, ದಾರಿ ಒಂದಿಷ್ಟು ಉದ್ದವಾಗಲೆಂದು.

ಹಜಾರದಲ್ಲಿ ಹಸಿರು ಪೆಟ್ಟಿಗೆ, ನೀಲಿ ಪೆಟ್ಟಿಗೆ ಎರಡೂ ಸಿದ್ಧವಾಗಿ ನಿಂತಿದ್ದವು. ಬೋದಿಲ್ ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು. ಟೋರ್ಕಿಲ್ ನಿಂತೇ ಎಲ್ಲವನ್ನೂ ಹೇಳಿದ. ಒಂದನ್ನೂ ಬಚ್ಚಿಡಲಿಲ್ಲ. "ಪಾಸಾಯ್ತು ಬೋದಿಲ್, ಆದ್ರೆ ನಾನು ಬರೋ ಹಾಗಿಲ್ಲ," ಎಂದು ಮುಗಿಸಿ, ಬಟ್ಟೆ ಮಡಿಸುವ ಶಿಕ್ಷೆಗೆ ಸಿದ್ಧನಾಗಿ ತಲೆ ತಗ್ಗಿಸಿದ.

ಬೋದಿಲ್ ಅವನ ಅಂಗೈ ಹಿಡಿದು ನೋಡಿ, ಮುಲಾಮು ತಂದು ಹಚ್ಚಿದಳು. "ಪಾಪ, ಎಷ್ಟು ಕಷ್ಟಪಟ್ಟಿದ್ದೀಯ," ಎಂದಳು. ನಿಜವಾದ ಮರುಕದಿಂದಲೇ ಎಂದಳು. "ಪರವಾಗಿಲ್ಲ ಬಿಡು. ಮೆರೆತೆ ಬರ್ತಾಳೆ."

ಮೆರೆತೆ ಎಂದರೆ ಬೋದಿಲ್‌ಳ ಅಕ್ಕ, ಪಕ್ಕದ ಊರಿನವಳು.

"ನಾಳೆ ಬೆಳಿಗ್ಗೆಗೆ ಅವಳು ಹೇಗೆ ಹೊರಡ್ತಾಳೆ? ಟಿಕೆಟ್ಟು ನನ್ನ ಹೆಸರಲ್ಲಿದೆಯಲ್ಲ."

"ಅವಳ ಹೆಸರಲ್ಲೇ ಇದೆ."

"ಯಾವಾಗ ಬದಲಾಯಿಸಿದೆ? ನಾನು ಈಗ ತಾನೆ ಹೇಳ್ತಿದ್ದೀನಿ."

"ಬದಲಾಯಿಸ್ಲಿಲ್ಲ. ಜನವರೀಲೇ ಅವಳ ಹೆಸರಲ್ಲೇ ತಗೊಂಡಿದ್ದೆ. ನೀನು ಅಕಸ್ಮಾತ್ ಹೊರಡೋ ಹಾಗಾದ್ರೆ ಇನ್ನೊಂದು ಸೀಟು ಕೇಳೋಣ ಅಂತಿದ್ದೆ." ಅವಳು ಮುಲಾಮಿನ ಮುಚ್ಚಳ ತಿರುಗಿಸಿದಳು. "ಹಸಿರು ಪೆಟ್ಟಿಗೆ ಅವಳಿಗೆ."

ಟೋರ್ಕಿಲ್ ಕುರ್ಚಿಯ ಮೇಲೆ ಕುಸಿದ. ಸಿಟ್ಟು ಮಾಡೋಣವೆಂದರೆ ಯಾವ ಬಾಯಿಂದ ಮಾಡುವುದು? ಕಟ್ಟಿ ತಂದ ಕೇಕನ್ನು ಮೇಜಿನ ಮೇಲಿಟ್ಟ. ಆಮೇಲೆ, ಕೇಳಲು ಇನ್ನೇನೂ ಉಳಿಯದೆ, ಸಣ್ಣ ದನಿಯಲ್ಲಿ ಕೇಳಿದ. "ಹಾಗಾದ್ರೆ ಮೂರು ವಾರ ನನ್ನ ಊಟ?"

"ಫ್ರೀಜರಲ್ಲಿದೆ. ದಿನಕ್ಕೊಂದು ಡಬ್ಬಿ, ಮೇಲೆ ತಾರೀಕು ಬರೆದಿದ್ದೀನಿ."

ಅವನು ಎದ್ದುಹೋಗಿ ಫ್ರೀಜರಿನ ಮುಚ್ಚಳ ಎತ್ತಿದ. ಡಬ್ಬಿಗಳು ಸಾಲಾಗಿ ಮಂಜು ಹಿಡಿದು ಕೂತಿದ್ದವು. ಒಂದೊಂದಾಗಿ ಎಣಿಸಿದ.

"ಇದನ್ನೆಲ್ಲ ಯಾವಾಗ ಮಾಡಿದೆ?"

"ಹೋದ ವಾರ."

"ಮೂರು ವಾರಕ್ಕೆ ಇಪ್ಪತ್ತೊಂದಲ್ವಾ? ಇಲ್ಲಿ ಇಪ್ಪತ್ತೆರಡಿದೆ."

"ಒಂದು ಹೆಚ್ಚಿಗೆ," ಎಂದಳು ಬೋದಿಲ್. "ಯಾವುದಕ್ಕೂ ಇರಲಿ ಅಂತ."